ಒಂದು ಕಡಗೋಲಿಗೆ ಎಷ್ಟು ಸಾಮಾನು

ಅಜ್ಜಿ ಮನೆಯ ಕಡಗೋಲು ನಮ್ಮ ಮೈಸೂರಿನ ಮನೆಗೆ ಬರುವಾಗಲೇ ಮುರಿದಿತ್ತು. ಸಾಗರದ ಹತ್ತಿರದ ಆ ಹಳೇ ಮನೆ ಕೆಡವುವಾಗ ಅಮ್ಮ ಹೆಚ್ಚೇನೂ ಕೇಳಲಿಲ್ಲ. ಕಡಗೋಲು, ಒಂದು ಮರಿಗೆ, ಎರಡು ಉಪ್ಪಿನಕಾಯಿ ಜಾಡಿ, ಅಷ್ಟೇ ತಂದಳು. ಕಡಗೋಲಿನ ತಲೆಯ ಎಸಳುಗಳಲ್ಲಿ ಎರಡು ಉದುರಿದ್ದವು. ಹಗ್ಗ ಸುತ್ತುತ್ತಿದ್ದ ಜಾಗದಲ್ಲಿ ಕೋಲು ಸವೆದು ಸೊಂಟ ಸಣ್ಣಗಾಗಿತ್ತು. "ಇಂಥದ್ದು ಈಗ ಯಾರು ಮಾಡಿಕೊಡ್ತಾರೆ" ಅಂತ ಅಮ್ಮ ಸುಮ್ನೆ ಒಂದು ಮಾತು ಅಂದಳು. ನಾನು ಸುಮ್ನೆ ಇರಬೇಕಿತ್ತು. "ನಾನೇ ಮಾಡ್ತೀನಿ" ಅಂದುಬಿಟ್ಟೆ.

ಇದು ಐದು ವರ್ಷದ ಹಿಂದಿನ ಕಥೆ. ಈಗ ನಮ್ಮ ಕಾರ್ ಶೆಡ್ಡಿನಲ್ಲಿ ಕಾರಿಲ್ಲ, ಅದು ಬೀದಿಯಲ್ಲಿ ಬಿಸಿಲು ಕಾಯುತ್ತದೆ. ಶೆಡ್ಡಿನಲ್ಲಿ ಮರವನ್ನು ತಿರುಗಿಸಿ ಕಡೆಯುವ ಯಂತ್ರ, ಅಂದರೆ ಲೇತ್ ಇದೆ, ಗ್ರೈಂಡರ್ ಇದೆ, ಗೋಡೆಗೆ ಉಳಿಗಳಿವೆ, ಮೂಲೆಯಲ್ಲಿ ಮರದ ತುಂಡುಗಳ ರಾಶಿ ಇದೆ. ಮನೆಗೆ ಬಂದವರು "ಇದಕ್ಕೆಲ್ಲ ಎಷ್ಟಾಯ್ತು?" ಅಂತ ಕೇಳುತ್ತಾರೆ. ಹೆಂಡತಿ ಎದುರಿಗಿದ್ದರೆ ನಾನು ಮಾತು ಬದಲಿಸುತ್ತೇನೆ.

ಮಜ್ಜಿಗೆ ಕಡೆಯುವುದಕ್ಕೂ ಮರ ಕಡೆಯುವುದಕ್ಕೂ ಕನ್ನಡದಲ್ಲಿ ಒಂದೇ ಮಾತು. ಬರೀ ಮಾತಲ್ಲ, ಕೆಲಸವೂ ಒಂದೇ. ಕಂಬಕ್ಕೆ ಕಟ್ಟಿದ ಕುಣಿಕೆಯಲ್ಲಿ ಕಡಗೋಲು ನಿಲ್ಲಿಸಿ, ಅಜ್ಜಿ ಹಗ್ಗದ ಒಂದು ತುದಿ ಎಳೆದರೆ ಕೋಲು ಬಲಕ್ಕೆ ತಿರುಗುತ್ತಿತ್ತು, ಇನ್ನೊಂದು ತುದಿ ಎಳೆದರೆ ಎಡಕ್ಕೆ. ಮೋಟಾರ್ ಬರುವ ಮುಂಚೆ ಮರ ಕಡೆಯುವವರೂ ಹೀಗೇ ಮಾಡುತ್ತಿದ್ದರು. ಮರದ ತುಂಡಿಗೆ ಹಗ್ಗ ಸುತ್ತಿ ಎಳೆಯುವುದು, ಇಲ್ಲವೇ ಬಿಲ್ಲಿನ ಹೆದೆ ಸುತ್ತಿ ಹಿಂದಕ್ಕೂ ಮುಂದಕ್ಕೂ ಆಡಿಸುವುದು. ಮರ ನಮ್ಮ ಕಡೆ ತಿರುಗುವಾಗ ಮಾತ್ರ ಉಳಿ ಕೊಯ್ಯುತ್ತದೆ. ವಾಪಸ್ ತಿರುಗುವಾಗ ಉಳಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತೆಗೆಯಬೇಕು. ಅರ್ಧ ಹೊತ್ತು ಕೆಲಸ, ಅರ್ಧ ಹೊತ್ತು ಕಾಯುವುದು. ಬೇಲೂರಿನಲ್ಲಿ ಬಳೆ ಬಳೆಯಾಗಿ ಹೊಳೆಯುವ ಕಲ್ಲಿನ ಕಂಬಗಳನ್ನು ನೋಡಿದ್ದೀರಲ್ವಾ? ಅವನ್ನೂ ತಿರುಗಿಸಿಯೇ ಕಡೆದದ್ದು ಎನ್ನುತ್ತಾರೆ ಬಲ್ಲವರು. ಅಷ್ಟು ಭಾರದ ಕಲ್ಲನ್ನು ತಿರುಗಿಸಿದವರ ನಾಡಿನಲ್ಲಿ ನಾನು ಒಂದು ಹೆಚ್‌ಪಿ ಮೋಟಾರ್ ಇಟ್ಟುಕೊಂಡು ಒದ್ದಾಡಿದೆ.

ಒದ್ದಾಟ ಶುರುವಾಗಿದ್ದು ಲೇತ್ ಕೊಳ್ಳುವುದರಿಂದಲೇ. ಎಲ್ಲರೂ ಕೇಳುವ ಮೊದಲ ಪ್ರಶ್ನೆಯನ್ನೇ ನಾನೂ ಕೇಳಿದೆ: ಎಷ್ಟು ಅಗಲದ ಬಟ್ಟಲು ಕಡೆಯಬಹುದು? 12 ಇಂಚು ಅಂದರು. ಅಂದರೆ ಮರವನ್ನು ತಿರುಗಿಸುವ ಸ್ಪಿಂಡಲ್ಲಿನ ನಡುವಿನಿಂದ ಕೆಳಗಿನ ಕಬ್ಬಿಣದ ಹಾಸಿಗೆಗೆ 6 ಇಂಚು. ಖುಷಿಯಾಯಿತು. ಒಂದು ಹೆಚ್‌ಪಿ ಸಿಂಗಲ್ ಫೇಸ್ ಮೋಟಾರ್, ಬೆಲ್ಟ್, ಮೆಟ್ಟಿಲು ಮೆಟ್ಟಿಲಾದ ಪುಲ್ಲಿ. ತಂದು, ಕೂರಿಸಿ, ಬೋಲ್ಟ್ ಬಿಗಿದು, ಹೂವು ಏರಿಸಿ, ಕುಂಕುಮ ಇಟ್ಟೆವು. ಆಮೇಲೆ ಅಜ್ಜಿಯ ಕಡಗೋಲು ತಂದು ಮರದ ಎರಡು ತುದಿ ಹಿಡಿದುಕೊಳ್ಳುವ ಮೊನೆಗಳ ನಡುವೆ ಹಿಡಿದು ನೋಡಿದೆ. ಮೊನೆಯಿಂದ ಮೊನೆಗೆ 18 ಇಂಚು. ಕಡಗೋಲು 30 ಇಂಚು.

ಯಾವುದಕ್ಕಾಗಿ ಯಂತ್ರ ತಂದೆನೋ ಅದೇ ಅದರಲ್ಲಿ ಹಿಡಿಸುತ್ತಿರಲಿಲ್ಲ. ಅಂಗಡಿಗೆ ಹೋಗುವಾಗ ಆ ಕೋಲನ್ನು ಬಸ್ಸಿನಲ್ಲಿ ಹಿಡಿದುಕೊಂಡು ಹೋಗಿದ್ದರೆ ಸಾಕಿತ್ತು. ಅಮ್ಮನಿಗೆ ಒಂದು ತಿಂಗಳು ಹೇಳಲಿಲ್ಲ.

ಇನ್ನೊಂದು ವಿಷಯವೂ ನನಗೆ ಗೊತ್ತಿರಲಿಲ್ಲ. ಲೇತ್ ತಂದರೆ ಲೇತ್ ಬಂತು, ಅಷ್ಟೇ. ಅದರಿಂದ ಏನೂ ಮಾಡಲಾಗುವುದಿಲ್ಲ. ಹಸು ಕೊಂಡವನಿಗೆ ಕೊಟ್ಟಿಗೆ, ಹುಲ್ಲು, ಹಿಂಡಿ, ಬಾನಿ ಎಲ್ಲ ಬೇಕಾಗುತ್ತಲ್ಲ, ಹಾಗೆ. ಯಂತ್ರಕ್ಕೆ ಕೊಟ್ಟಷ್ಟೇ ದುಡ್ಡು ಆಮೇಲೆ ಇನ್ನೊಂದು ಸಲ ಹೋಯಿತು, ಸ್ವಲ್ಪ ಸ್ವಲ್ಪವಾಗಿ, ಲೆಕ್ಕ ಕಾಣದ ಹಾಗೆ. ಮೊದಲ ದಿನವೇ ಸ್ಟ್ಯಾಂಡ್ ನಡುಗಿತು. ವಕ್ರ ಇರುವ ತುಂಡು ತಿರುಗಿದಾಗ ಇಡೀ ಯಂತ್ರ ಗಣ ಬಂದವರ ಹಾಗೆ ಕುಣಿಯಿತು. ಮನೆ ಕಟ್ಟುತ್ತಿದ್ದ ಪಕ್ಕದವರಿಂದ ಎಂ-ಸ್ಯಾಂಡ್ ತಂದು, ಖಾಲಿ ಸಿಮೆಂಟ್ ಚೀಲಕ್ಕೆ ತುಂಬಿ, ಸ್ಟ್ಯಾಂಡಿನ ಕೆಳಗೆ ನಾಲ್ಕು ಮೂಟೆ ಪೇರಿಸಿದೆ. ಕುಣಿತ ನಿಂತಿತು. ನನ್ನ ಶೆಡ್ಡಿನಲ್ಲಿ ಅತಿ ಕಡಿಮೆ ಬೆಲೆಯ ಸಲಕರಣೆ ಈ ಮರಳು. ಇದಕ್ಕಿಂತ ಉಪಕಾರಿ ಇನ್ನೊಂದಿಲ್ಲ.

ಉಳಿಗಳದ್ದು ದೊಡ್ಡ ಕಥೆ. ಎಂಟು ಉಳಿಗಳ ಒಂದು ಸೆಟ್ ತಂದೆ. ಮರದ ಪೆಟ್ಟಿಗೆ, ಒಳಗೆ ಮಖಮಲ್ಲು, ನೋಡಲು ಒಡವೆ ಥರ. ಹತ್ತು ನಿಮಿಷ ಚೆನ್ನಾಗಿ ಕೊಯ್ಯುತ್ತಿದ್ದವು, ಆಮೇಲೆ ಮೊಂಡು. ಗ್ರೈಂಡರ್‌ಗೆ ಹಿಡಿದರೆ ತುದಿ ನೀಲಿ ತಿರುಗುತ್ತಿತ್ತು. ನೀಲಿ ತಿರುಗಿತು ಅಂದರೆ ಸಾದಾ ಕಾರ್ಬನ್ ಸ್ಟೀಲಿನ ಹದ ಹೋಯಿತು ಅಂತ. ಕಮ್ಮಾರ ಕೊಟ್ಟ ಗಟ್ಟಿತನವನ್ನು ಗ್ರೈಂಡರ್ ಮೂರು ಸೆಕೆಂಡಿನಲ್ಲಿ ಕಿತ್ತುಕೊಳ್ಳುತ್ತದೆ. ಆಮೇಲೆ ಅದು ಉಳಿಯಲ್ಲ, ಬೆಣ್ಣೆ ಸವರುವ ಚಾಕು. ಹೈಸ್ಪೀಡ್ ಸ್ಟೀಲ್ ಹಾಗಲ್ಲ. ಟಂಗ್‌ಸ್ಟನ್, ಮಾಲಿಬ್ಡಿನಂ ಸೇರಿದ ಆ ಉಕ್ಕು ಬಿಸಿಗೆ ಹದ ಬಿಡುವುದಿಲ್ಲ, ತುದಿ ನೀಲಿಯಾದರೂ ಚಿಂತೆಯಿಲ್ಲ. ಒಂದೇ ಎಚ್ಚರ, ಬಿಸಿಯಾಗಿದೆ ಅಂತ ನೀರಿಗೆ ಅದ್ದಬಾರದು. ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ನನಗಿದು ಗೊತ್ತಾಗುವ ಹೊತ್ತಿಗೆ ಎಂಟರಲ್ಲಿ ಐದು ಅರ್ಧ ಉದ್ದ ಸವೆದಿದ್ದವು.

ಆ ಎಂಟನ್ನೂ ಮೂಲೆಗಿಟ್ಟು ಹೈಸ್ಪೀಡ್ ಸ್ಟೀಲಿನ ಮೂರು ಉಳಿ ತಂದೆ. ಚೌಕವಾದ ತುಂಡನ್ನು ಗುಂಡಗೆ ಮಾಡುವ ಅಗಲವಾದ ಗೌಜ್ ಒಂದು (ಅರ್ಧ ಕೊಳವೆ ಆಕಾರದ ಉಳಿ ಅಂದುಕೊಳ್ಳಿ), ಬಳೆ, ಕೊರಳು, ಗುಬುಟು ತೆಗೆಯಲು ಸಣ್ಣ ಗೌಜ್ ಒಂದು, ತುಂಡರಿಸಲು ಪಾರ್ಟಿಂಗ್ ಟೂಲ್ ಒಂದು. ಮೊದಲ ವರ್ಷಕ್ಕೆ ಇಷ್ಟು ಸಾಕಿತ್ತು, ಈಗಲೂ ಮುಕ್ಕಾಲು ಕೆಲಸ ಈ ಮೂರರಲ್ಲೇ ಆಗುತ್ತದೆ. ಓರೆ ಬಾಯಿಯ ಸ್ಕ್ಯೂ ಅಂತ ಒಂದಿದೆ. ಅದು ಒಲಿದರೆ ಉಪ್ಪುಕಾಗದವೇ ಬೇಡ, ಮರ ರೇಷ್ಮೆಯಾಗುತ್ತದೆ. ನನಗೆ ಮಾತ್ರ ಇನ್ನೂ ಪೂರ್ತಿ ಒಲಿದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮರಕ್ಕೆ ಕಚ್ಚಿಕೊಂಡು ಸುರುಳಿಯಾಗಿ ಗಾಯ ಮಾಡುತ್ತದೆ.

ಚನ್ನಪಟ್ಟಣಕ್ಕೆ ಹೋದದ್ದು ಆಗಲೇ. ಮೈಸೂರಿನಿಂದ ಬೆಂಗಳೂರಿಗೆ ಎಷ್ಟು ಸಲ ಓಡಾಡಿದ್ದೇನೋ! ರಸ್ತೆ ಪಕ್ಕದಲ್ಲಿ ತೂಗುಹಾಕಿದ ಗೊಂಬೆ, ಕುದುರೆ ನೋಡಿ ಮುಂದೆ ಹೋಗಿದ್ದೇ ಜಾಸ್ತಿ. ಒಂದು ಶನಿವಾರ ಒಳಗಿನ ಬೀದಿಯೊಂದಕ್ಕೆ ಹೋದೆ. ಒಬ್ಬ ಹಿರಿಯರು ಸಾಲಾಗಿ ಬುಗುರಿ ಕಡೆಯುತ್ತಿದ್ದರು. ಆಲೆ ಮರದ (ಅಲ್ಲಿನ ಗೊಂಬೆಗಳಿಗೆ ಬಳಸುವ ಬೆಳ್ಳಗಿನ ಮರ) ಉದ್ದ ಕೋಲು ಒಂದು ಕಡೆ ಹಿಡಿಸಿ, ಇನ್ನೊಂದು ತುದಿಯಲ್ಲಿ ಬುಗುರಿಯ ಆಕಾರ ತೆಗೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರು. ಒಲೆಯಿಲ್ಲ, ಕುಂಚವಿಲ್ಲ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿತು. ಮೇಲೆ ತಾಳೆಗರಿ ಒತ್ತಿ ಹಿಡಿದರು, ಹೊಳಪು ಬಂತು. ಕತ್ತರಿಸಿ ಬುಟ್ಟಿಗೆ ಹಾಕಿದರು. ಒಂದು ಬುಗುರಿಗೆ ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ.

"ಭಾಯ್, ನಿಮ್ಮ ಹತ್ರ ಎಷ್ಟು ಉಳಿ ಇದೆ?" ಅಂದೆ.

"ಇವೇ ಸಾರ್, ನಾಲ್ಕು. ಇನ್ನೊಂದು ಇತ್ತು, ಮಗ ತಗೊಂಡ."

ಕಮ್ಮಾರನ ಹತ್ತಿರ ಬಡಿಸಿಕೊಂಡ ಉಳಿಗಳು. ಹಿಡಿಗೆ ಬಟ್ಟೆ ಸುತ್ತಿದೆ. ಪೆಟ್ಟಿಗೆ, ಮಖಮಲ್ಲು ಯಾವುದೂ ಇಲ್ಲ. ಆದರೆ ಕೈಗೆಟುಕುವ ದೂರದಲ್ಲೇ ಸಾಣೆ ಚಕ್ರ ತಿರುಗುತ್ತಿತ್ತು. ಐದಾರು ಬುಗುರಿ ಆದ ಕೂಡಲೇ, ಮಾತಾಡುತ್ತಾ ಮಾತಾಡುತ್ತಾ, ಕೈ ತಾನಾಗಿ ಅಲ್ಲಿಗೆ ಹೋಗಿ ಉಳಿಯನ್ನು ಒಂದು ಸಲ ಮುಟ್ಟಿಸಿ ವಾಪಸ್ ಬರುತ್ತಿತ್ತು. ಕಿಡಿ ಹಾರಿದ್ದೂ ಕಾಣದಷ್ಟು ಹಗುರ. ನಾನೋ, ಉಳಿ ಪೂರ್ತಿ ಮೊಂಡಾಗಿ ಮರದಿಂದ ಹೊಗೆ ಬಂದಮೇಲೆ ಎದ್ದು ಹೋಗಿ ಗ್ರೈಂಡರ್ ಹಾಕುವವನು. ನನ್ನ ಗ್ರೈಂಡರ್ ಶೆಡ್ಡಿನ ಆಚೆ ಮೂಲೆಯಲ್ಲಿ, ಪೇಂಟ್ ಡಬ್ಬಗಳ ಹಿಂದೆ ಇತ್ತು. ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಅದನ್ನು ಲೇತಿನ ಪಕ್ಕಕ್ಕೆ ತಂದದ್ದು. ಎರಡನೇದು, ಅದರ ಬೂದು ಕಲ್ಲು ತೆಗೆಸಿ 80 ಗ್ರಿಟ್ಟಿನ (ಕಲ್ಲಿನ ಕಾಳು ಎಷ್ಟು ಸಣ್ಣದು ಅನ್ನುವ ಅಳತೆ) ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ಹಾಕಿಸಿದ್ದು. ಇಷ್ಟರಿಂದ ನನ್ನ ಕೆಲಸ ಸುಧಾರಿಸಿದಷ್ಟು ಯಾವ ಹೊಸ ಉಳಿಯಿಂದಲೂ ಸುಧಾರಿಸಿಲ್ಲ. ಈಗ ಯಾರಾದರೂ "ಲೇತ್ ತಗೋಬೇಕು, ಯಾವುದು ತಗೊಳ್ಳಲಿ?" ಅಂದರೆ "ಸಾಣೆ ಎಲ್ಲಿ ಇಡ್ತೀರಿ?" ಅಂತ ಕೇಳುತ್ತೇನೆ. ಅವರಿಗೆ ಬೇಜಾರಾಗುತ್ತೆ.

ಕರೆಂಟಿನ ವಿಷಯ ಹೇಳಲೇಬೇಕು, ಯಾಕೆಂದರೆ ಪರದೇಶದವರ ವೀಡಿಯೊಗಳಲ್ಲಿ ಇದು ಬರುವುದಿಲ್ಲ. ಒಂದು ಸಂಜೆ ಕರೆಂಟ್ ಹೋಯಿತು. ಲೇತ್ ನಿಂತಿತು. ಸರಿ, ಮರ ಎಷ್ಟು ನುಣ್ಣಗಾಗಿದೆ ನೋಡೋಣ ಅಂತ ಕೈಯಿಂದ ಸವರುತ್ತಾ ನಿಂತಿದ್ದೆ. ಸ್ವಿಚ್ ಆಫ್ ಮಾಡಿರಲಿಲ್ಲ. ಕರೆಂಟ್ ಬಂತು. ತುಂಡು ಸಣ್ಣದು, ತೋಳು ಮಡಚಿದ್ದ ಅಂಗಿ, ಬರೀ ಕೈ ತರಚಿ ಬಿಟ್ಟುಹೋಯಿತು. ಉದ್ದ ತೋಳಿನ ಅಂಗಿಯೋ, ಗ್ಲೌಸೋ ಹಾಕಿದ್ದರೆ ಅದು ಸುತ್ತಿಕೊಂಡು ಕೈಯನ್ನೇ ಎಳೆದುಕೊಳ್ಳುತ್ತಿತ್ತು. ಭಾವನಿಗೆ ಫೋನಿನಲ್ಲಿ ಹೇಳಿದೆ. ಅವನಿಗೆ ಅಡಿಕೆ ತೋಟ, ದಿನಾ ಪಂಪ್‌ಸೆಟ್ಟಿನ ಜೊತೆ ಏಗುವವನು.

"ಅಯ್ಯೋ ಮಾರಾಯ, ನಮ್ಮ ಮೋಟಾರಿಗೆ ಸ್ಟಾರ್ಟರ್ ಇರುತ್ತಲ್ಲ, ಅದನ್ನೇ ಹಾಕು. ಕರೆಂಟ್ ಹೋದ್ರೆ ಬಿಡುತ್ತೆ. ಹಸಿರು ಗುಂಡಿ ಒತ್ತೋ ತನಕ ಮತ್ತೆ ಹಿಡಿಯಲ್ಲ. ಕರೆಂಟ್ ಬಂದ ಕೂಡ್ಲೇ ಅದು ತಾನೇ ಶುರುವಾಗಲ್ಲ ಅಂತ ಅಲ್ವಾ ನಾವು ರಾತ್ರಿ ಎದ್ದು ತೋಟಕ್ಕೆ ಓಡೋದು!"

ರೈತನಿಗೆ ಕಾಟ ಕೊಡುವ ಗುಣವೇ ನನಗೆ ಬೇಕಾಗಿತ್ತು. ಒಳಗಿರುವ ಕಾಂಟ್ಯಾಕ್ಟರ್ (ಅಯಸ್ಕಾಂತದಿಂದ ಹಿಡಿಯುವ ಸ್ವಿಚ್), ಅದರ ಸುರುಳಿಗೆ ಕರೆಂಟ್ ಇದ್ದಷ್ಟು ಹೊತ್ತು ಮಾತ್ರ ಅದು ಹಿಡಿದಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಮೋಟಾರಿಗೆ ಹೊಂದುವ ಸಿಂಗಲ್ ಫೇಸ್ ಸ್ಟಾರ್ಟರ್ ಹಾಕಿಸಿದೆ, ಅರ್ಥಿಂಗ್ ಸರಿ ಮಾಡಿಸಿದೆ. ಕೆಂಪು ಗುಂಡಿ ಸೊಂಟಕ್ಕೆ ತಾಗುವ ಹಾಗಿದೆ. ಎರಡೂ ಕೈ ಉಳಿ ಮೇಲಿದ್ದರೂ ಸೊಂಟದಿಂದ ಒತ್ತಿ ನಿಲ್ಲಿಸಬಹುದು.

ಕಡಗೋಲು ಆಗಲ್ಲ ಅಂತಾದಮೇಲೆ ಬಟ್ಟಲು ಕಡೆಯೋಣ ಅಂತ ಹೊರಟೆ. ಬಟ್ಟಲಿಗೆ ಒಂದೇ ಕಡೆಯಿಂದ ಮರ ಹಿಡಿದುಕೊಳ್ಳುವ ನಾಲ್ಕು ದವಡೆಯ ಚಕ್ ಬೇಕು. ಆನ್‌ಲೈನಿನಲ್ಲಿ ಒಳ್ಳೇದೊಂದು ಸಿಕ್ಕಿತು, ತರಿಸಿದೆ. ಬಂದದ್ದು ಎಂ33, ಅಂದರೆ 33 ಮಿ.ಮೀ. ದಪ್ಪದ ಸ್ಪಿಂಡಲ್ಲಿಗೆ. ನನ್ನದು ಒಂದು ಇಂಚಿನದು, ಇಂಚಿಗೆ 8 ಸುತ್ತಿನ ಥ್ರೆಡ್. ತಪ್ಪು ನನ್ನದೇ, ಮತ್ತೆ ಅಳತೆ ನೋಡಿರಲಿಲ್ಲ. ನಮ್ಮ ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣದ ಲೇತ್ ಇಟ್ಟುಕೊಂಡ ಒಬ್ಬರ ಹತ್ತಿರ ಹೋಗಿ, ಒಳಗೆ ಒಂದು ಇಂಚು, ಹೊರಗೆ ಎಂ33 ಥ್ರೆಡ್ ಇರುವ ಬುಷ್ ಮಾಡಿಕೊಡಿ ಅಂದೆ. ಅವರು ಕಾಗದದ ಮೇಲೆ ಗೀಚಿ ನೋಡಿ ನಕ್ಕರು. ಎರಡು ಥ್ರೆಡ್ಡಿನ ನಡುವೆ ಉಳಿಯುವುದು ಒಂದೂವರೆ ಮಿಲಿಮೀಟರ್ ಚಿಲ್ಲರೆ ಗೋಡೆ. "ಮಾಡಿಕೊಡ್ತೀನಿ ಸಾರ್, ಆದ್ರೆ ಇದರ ಮೇಲೆ ಭಾರ ಹಾಕ್ಬೇಡಿ." ಮಾಡಿಕೊಟ್ಟರು. ಸಣ್ಣ ಕೆಲಸಕ್ಕೆ ಇವತ್ತಿಗೂ ಅದೇ ಇದೆ. ದೊಡ್ಡ ತುಂಡಾದರೆ ಸ್ಪಿಂಡಲ್ಲಿಗೆ ಕೂರುವ ಕಬ್ಬಿಣದ ತಟ್ಟೆಗೆ, ಅಂದರೆ ಫೇಸ್‌ಪ್ಲೇಟಿಗೆ, ಸ್ಕ್ರೂ ಹೊಡೆಯುತ್ತೇನೆ.

ಆ ದೊಡ್ಡ ತುಂಡುಗಳಲ್ಲಿ ಒಂದು ನನ್ನ ಮುಖಕ್ಕೇ ಬಂತು. 10 ಇಂಚಿನ ಮಾವಿನ ತುಂಡು, ಪಕ್ಕದಲ್ಲಿ ಸೀಳಿತ್ತು. ಇರಲಿ ಅಂದುಕೊಂಡೆ. ವೇಗ ನಿಮಿಷಕ್ಕೆ 1200 ಸುತ್ತು. ಇದಕ್ಕೊಂದು ಲೆಕ್ಕವಿದೆ: ಮರದ ಅಗಲ ಇಂಚಿನಲ್ಲಿ, ಅದನ್ನು ನಿಮಿಷದ ಸುತ್ತಿನಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು. ನನ್ನದು 12000. ಅಷ್ಟು ವೇಗದಲ್ಲಿ ಆ ತುಂಡಿನ ಅಂಚು ಗಂಟೆಗೆ 57 ಕಿ.ಮೀ. ಓಡುತ್ತಿರುತ್ತದೆ. ಅರ್ಧ ಕೆ.ಜಿ. ಚೂರು ಹಾರಿ ಫೇಸ್ ಶೀಲ್ಡಿಗೆ ಬಡಿದು ಚಾವಣಿಯ ಶೀಟಿಗೆ ಹೋಯಿತು. ಶೀಟಿನ ತಗ್ಗು ಇನ್ನೂ ಇದೆ. ಅವತ್ತು ಮುಖಕ್ಕೆ ಶೀಲ್ಡ್ ಇದ್ದದ್ದು ನನ್ನ ಬುದ್ಧಿವಂತಿಕೆಯಿಂದಲ್ಲ, ಹೆಂಡತಿ ಬೈದಿದ್ದರಿಂದ. ಬರೀ ಕನ್ನಡಕ ಸಾಕು ಅಂತ ವಾದ ಮಾಡಿದ್ದೆ. ಈಗ ವಾದವಿಲ್ಲ. ಗುಂಡಗೆ ಮಾಡುವ ಅಗಲದ ಗೌಜನ್ನು ಬಟ್ಟಲಿಗೆ ಹಾಕಬಾರದು ಅನ್ನುವುದನ್ನೂ ಅದೇ ವಾರ ಕಲಿತೆ. ಹಿಡಿಯೊಳಗೆ ಹೋಗುವ ಅದರ ಬಾಲ ತೆಳು, ಕಚ್ಚಿಕೊಂಡರೆ ಅಲ್ಲೇ ಮುರಿಯುತ್ತದೆ. ಬಟ್ಟಲಿಗೆ ದುಂಡು ಸರಳಿನಿಂದ ಮಾಡಿದ ಬೇರೆ ಗೌಜ್ ಬೇಕು. ಹೀಗೆ ನಾಲ್ಕನೇ ಉಳಿ ಬಂತು.

ಧೂಳಿಗೆ ಎನ್95 ಮಾಸ್ಕ್, ಕಿಟಕಿಗೆ ಎಕ್ಸಾಸ್ಟ್ ಫ್ಯಾನ್. ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಯಲ್ಲಿ ಸೇರಿಸಿದ್ದಾರೆ. ಉಳಿಯಿಂದ ಬರುವ ಸುರುಳಿಗಿಂತ ಉಪ್ಪುಕಾಗದದಿಂದ ಏಳುವ ಹಿಟ್ಟೇ ಹೆಚ್ಚು ಕೆಟ್ಟದ್ದು.

ಮರಕ್ಕೆ ಮಾತ್ರ ದುಡ್ಡು ಕೊಟ್ಟದ್ದು ಕಡಿಮೆ. ಮಳೆಗಾಲದಲ್ಲಿ ಮೈಸೂರಿನ ಯಾವುದೋ ಬೀದಿಯಲ್ಲಿ ಮರ ಬಿದ್ದೇ ಬೀಳುತ್ತದೆ. ಮನೆಯವರನ್ನು ಕೇಳಿಕೊಂಡು ಅವರ ಕಾಂಪೌಂಡಿನ ಮಾವು, ಬೇವು, ಸಪೋಟ, ಹಲಸಿನ ತುಂಡು ತರುತ್ತೇನೆ. ಬೀಟೆ, ಗಂಧದ ತಂಟೆಗೆ ಹೋಗುವುದಿಲ್ಲ, ಅದಕ್ಕೆ ಕಾನೂನಿದೆ. ಹಸಿ ಮರ ಕಡೆಯುವ ಸುಖ ಹೇಳಿ ತೀರದು. ಉಳಿಯ ತುದಿಯಿಂದ ಉದ್ದುದ್ದ ರಿಬ್ಬನ್ನಿನಂತೆ ಸುರುಳಿ ಹಾರುತ್ತದೆ, ನೀರು ಮುಖಕ್ಕೆ ಚಿಮ್ಮುತ್ತದೆ. ಆದರೆ ಒಂದೇ ಸಲಕ್ಕೆ ಮುಗಿಸಿದರೆ ಒಣಗಿ ಸೊಟ್ಟಗಾಗುತ್ತದೆ. ಅದಕ್ಕೆ ಅಗಲದ ಹತ್ತನೇ ಒಂದು ಪಾಲು ದಪ್ಪ ಬಿಟ್ಟು ಒರಟಾಗಿ ಕಡೆಯಬೇಕು. ಸೀಳದಿರಲಿ ಅಂತ ಎಳೆ ತುಂಡಾದ ಕಡೆ ಫೆವಿಕಾಲ್ ಬಳಿಯುತ್ತೇನೆ. ತಾರೀಖು, ತೂಕ ಪೆನ್ಸಿಲಿನಲ್ಲಿ ಬರೆದು ಅಟ್ಟಕ್ಕೆ ಹಾಕುತ್ತೇನೆ. ತಿಂಗಳಿಗೊಮ್ಮೆ ಅಡುಗೆಮನೆಯ ತಕ್ಕಡಿ ಕದ್ದು ತೂಗುತ್ತೇನೆ. ತೂಕ ಇಳಿಯುವುದು ನಿಂತಾಗ ಎರಡನೇ ಸಲ ಕಡೆಯಬಹುದು. ಆ ತಕ್ಕಡಿಯೂ ನನ್ನ ಸಲಕರಣೆಯೇ ಅಂತ ಹೆಂಡತಿಗೆ ಇನ್ನೂ ಒಪ್ಪಿಸಲು ಆಗಿಲ್ಲ.

ತೇಗ ತಂದರೆ ಉಳಿ ಬೇಗ ಮೊಂಡಾಗುತ್ತದೆ, ಅದರೊಳಗೆ ಮರಳಿನಂಥ ಸಿಲಿಕಾ ಇದೆ. ತೋಟದ ಸಿಲ್ವರ್ ಓಕ್ ನೋಡಲು ಜರಿ ಸೀರೆ, ಆದರೆ ನನಗೆ ಮೈಯೆಲ್ಲ ತುರಿಕೆ. ನನಗೆ ಹೊಂದಿದ್ದು ಹಲಸು. ಚೇಗು (ಮರದ ಒಳತಿರುಳು) ಅರಿಶಿನದ ಬಣ್ಣ, ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ವೀಣೆಗೂ ಮೃದಂಗಕ್ಕೂ ಇದೇ ಮರ.

ಕಡಗೋಲು? ಮೂರು ವರ್ಷ ಅದು ಗೋಡೆಯ ಮೊಳೆಗೆ ನೇತಾಡಿತು. ಕೊನೆಗೆ ಅಮ್ಮನೇ ಕೇಳಿದಳು, "ಏನೋ, ಮಾಡ್ತೀನಿ ಅಂದಿದ್ಯಲ್ಲ?" ಯಂತ್ರ ಗಿಡ್ಡ ಆಯ್ತಮ್ಮ ಅಂದೆ. ಅವಳು ನಕ್ಕುಬಿಟ್ಟಳು. "ಅಷ್ಟುದ್ದದ್ದು ಯಾರಿಗೆ ಬೇಕೋ? ಅಜ್ಜಿಗೆ ನಾಲ್ಕು ಎಮ್ಮೆ ಇತ್ತು, ಕಂಬ ಇತ್ತು. ನಮ್ಮನೇಲಿ ಅರ್ಧ ಲೀಟರ್ ಮೊಸರು. ಕೈಯಲ್ಲಿ ತಿರುಗಿಸೋದು ಒಂದು ಗೇಣು ಜಾಸ್ತಿ ಇದ್ರೆ ಸಾಕು."

ನಾನು ಮೂರು ವರ್ಷ ಅಳತೆ ನೋಡಿಕೊಂಡು ಕೂತಿದ್ದೆ. ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಒಣಗಿದ ಹಲಸಿನ 3 ಇಂಚು ದಪ್ಪದ, 14 ಇಂಚು ಉದ್ದದ ತುಂಡು ಹಾಕಿದೆ. ಅರ್ಧ ದಿನ ಹಿಡಿಯಿತು. ಕೋಲು ತೆಳುವಾದಂತೆ ನಡುವಿನಲ್ಲಿ ಬಳುಕಿ ಗುಯ್‌ಗುಟ್ಟಿತು. ಎಡಗೈ ಬೆರಳುಗಳನ್ನು ಕೋಲಿನ ಹಿಂದೆ ಆನಿಸಿ, ಬಲಗೈಯಲ್ಲಿ ಉಳಿ ಆಡಿಸಿದೆ. ತಲೆಯನ್ನು ಗುಂಡು ಬದನೆಕಾಯಿಯಷ್ಟು ಬಿಟ್ಟೆ. ಆಮೇಲೆ ಅದರ ಸುತ್ತಳತೆಗೆ ಕಾಗದದ ಪಟ್ಟಿ ಕತ್ತರಿಸಿ, ಮೂರು ಸಲ ಮಡಚಿ ಬಿಡಿಸಿ, ಎಂಟು ಗೆರೆ ಎಳೆದೆ. ಸಣ್ಣ ಗರಗಸದಿಂದ ಗೆರೆ ಕೊಯ್ದು, ಮೂಲೆಗಿಟ್ಟಿದ್ದ ಮಖಮಲ್ಲಿನ ಪೆಟ್ಟಿಗೆಯ ಉಳಿಯೊಂದನ್ನು ತೆಗೆದು ಎಸಳು ಬಿಡಿಸಿದೆ. ನಿಂತ ಮರಕ್ಕೆ ಕೈಯಿಂದ ಒತ್ತುವ ಕೆಲಸಕ್ಕೆ ಅದು ಚೆನ್ನಾಗಿಯೇ ಇತ್ತು. ಬಣ್ಣ, ಅರಗು, ಪಾಲಿಶ್ ಏನೂ ಹಾಕಲಿಲ್ಲ, ಬಾಯಿಗೆ ಹೋಗುವ ಪದಾರ್ಥ.

ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ತೊಳೆದು, ಕುದಿಯುವ ನೀರಿನ ಪಾತ್ರೆಯಲ್ಲಿ ಹಾಕಿಟ್ಟಳು. ಹತ್ತು ನಿಮಿಷ ಬಿಟ್ಟು ಅಡುಗೆಮನೆಯಿಂದ ಕೂಗಿದಳು, "ಇದಕ್ಕೆ ಅರಿಶಿನ ಬಳಿದಿದ್ದೀಯೇನೋ?"

ಹೋಗಿ ನೋಡಿದರೆ ನೀರು ಹಳದಿಯಾಗಿತ್ತು. ಹಲಸಿನ ಚೇಗಿನ ಬಣ್ಣ. ಬೌದ್ಧ ಸನ್ಯಾಸಿಗಳು ಬಟ್ಟೆಗೆ ಬಣ್ಣ ಕಟ್ಟುತ್ತಿದ್ದದ್ದು ಇದರಿಂದಲೇ ಅಂತ ನಾನು ಅವಳಿಗೆ ವಿವರಿಸಲು ಹೋದೆ. "ಇರಬಹುದು, ಆದ್ರೆ ಮಜ್ಜಿಗೆ ಬೆಳ್ಳಗಿರಬೇಕಲ್ವಾ" ಅಂದಳು.

ಮುಂದಿನ ಶನಿವಾರ ಚನ್ನಪಟ್ಟಣದ ಭಾಯ್ ಹತ್ತಿರ ಹೋದೆ. ಬೆಳ್ಳಗಿನ, ಬಣ್ಣ ಬಿಡದ ಆಲೆ ಮರದ ತುಂಡು ಕೇಳಿದೆ. ಇಷ್ಟು ದಪ್ಪದ್ದು ಸಿಗುವುದು ಕಷ್ಟ ಅಂತ ರಾಶಿಯಲ್ಲಿ ಕೆದಕಿ ಎರಡು ತೆಗೆದುಕೊಟ್ಟರು. ಒಂದಕ್ಕೆ ದುಡ್ಡು ತಗೊಂಡರು. ಇನ್ನೊಂದು, "ನಿಮ್ಮ ಉಳಿ ಕಚ್ಚಿಕೊಳ್ಳುತ್ತಲ್ಲ ಸಾರ್, ಅದಕ್ಕಿರಲಿ" ಅಂದರು.